ಶರಣರ ನೂಲು, ನಮ್ಮ ಹೆಗಲ ಮೇಲಿನ ಶಾಲು

(ಬೀದರಿನಲ್ಲಿ ನಡೆದ ಮಾಸಿಕ ಅನುಭಾವ ಗೋಷ್ಠಿಯ ಉಪನ್ಯಾಸದ ಬರಹರೂಪ)



ಈ ತಿಂಗಳ ಗೋಷ್ಠಿಗೆ ‘ಕಾಯಕ ಮತ್ತು ಇಂದಿನ ಬದುಕು’ ಎಂಬ ವಿಷಯ ಇಟ್ಟಿದ್ದಾರೆ. ವಿಷಯ ದೊಡ್ಡದು. ನಾನು ಸರ್ಕಾರಿ ಸೇವೆಯಲ್ಲಿದ್ದ ಎಂಜಿನಿಯರ್. ದೊಡ್ಡ ಕೆಲಸವನ್ನು ಅಳತೆಗೆ ಸಿಗುವ ತುಂಡುಗಳಾಗಿ ಮಾಡಿಕೊಂಡು ಎಸ್ಟಿಮೇಟ್ ಹಾಕುವುದು ನಮ್ಮ ರೂಢಿ. ಆದ್ದರಿಂದ ಒಂದೇ ತುಂಡು ತೆಗೆದುಕೊಳ್ಳುತ್ತೇನೆ. ಅದು ಬಟ್ಟೆ. ನಾವು ಉಡುವ, ಹೊದೆಯುವ, ಕೊನೆಗೆ ಎಸೆಯುವ ಬಟ್ಟೆ. ಅದನ್ನು ಯಾರು ನೇಯ್ದರು, ಯಾವುದರಿಂದ ಬಣ್ಣ ಕಟ್ಟಿದರು, ಹಳತಾದ ಮೇಲೆ ಏನಾಯಿತು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ.

ಶರಣರ ಪಟ್ಟಿಯನ್ನು ಒಮ್ಮೆ ಕಾಯಕದ ಕಣ್ಣಿನಿಂದ ನೋಡಿ. ಕದಿರ ರೆಮ್ಮವ್ವೆ ನೂಲು ತೆಗೆಯುವವಳು. ಜೇಡರ ದಾಸಿಮಯ್ಯ ಮಗ್ಗದ ಮೇಲೆ ಕೂತವನು. ಇಂದಿನ ಯಾದಗಿರಿ ಜಿಲ್ಲೆಯ ಮುದನೂರಿನವನು, ಬಸವಣ್ಣನವರಿಗಿಂತ ಹಿಂದಿನವನು. ಶಂಕರ ದಾಸಿಮಯ್ಯನದು ಬಣ್ಣಗಾರಿಕೆ. ಸೂಜಿಕಾಯಕದ ರಾಮಿತಂದೆಯ ಕೈಯಲ್ಲಿ ಸೂಜಿ. ಮಡಿವಾಳ ಮಾಚಿದೇವನದು ಒಗೆಯುವ ಕಲ್ಲು. ನೂಲು, ನೇಯ್ಗೆ, ಬಣ್ಣ, ಹೊಲಿಗೆ, ಒಗೆತ ಎಂದು ಒಂದು ಬಟ್ಟೆಯ ಇಡೀ ಆಯುಷ್ಯ ಈ ಐದು ಜನರ ಕೈಯಲ್ಲಿದೆ. ಶರಣ ಪರಂಪರೆಯಲ್ಲಿ ಇವರ್ಯಾರೂ ಬೇರೆಯವರಿಗಾಗಿ ದುಡಿಯುವ ಆಳುಗಳಾಗಿ ಬರುವುದಿಲ್ಲ. ಅನುಭಾವಿಗಳಾಗಿ, ಸಮಾನರಾಗಿ ಬರುತ್ತಾರೆ. ನಮ್ಮ ಧರ್ಮದ ದೊಡ್ಡ ಮಾತು ಇದೇ.

ಈಗ ನಮ್ಮ ವೇದಿಕೆಗಳನ್ನು ನೋಡಿ. ಹಿಂದೆ ಫ್ಲೆಕ್ಸ್ ಬ್ಯಾನರ್, ಅದರ ಮೇಲೆ ಶರಣರ ಚಿತ್ರ. ಮುಂದೆ ಸನ್ಮಾನದ ಸಾಲು. ಒಬ್ಬೊಬ್ಬರ ಹೆಗಲಿಗೂ ಹೊಳೆಯುವ ಶಾಲು. ಆ ಶಾಲು ಪಾಲಿಯೆಸ್ಟರ್. ನೀರಿನ ಬಾಟಲಿ ಯಾವ ಪ್ಲಾಸ್ಟಿಕ್ಕಿನಿಂದ ಆಗುತ್ತದೋ ಅದೇ ವಸ್ತು ಎಳೆಯಾಗಿ ಬಂದಿದೆ. ಅದರ ಮೂಲ ಪೆಟ್ರೋಲಿಯಂ. ಅದನ್ನು ಹೊದ್ದರೆ ಬೆವರು ಹೀರುವುದಿಲ್ಲ, ಹಾಸಿದರೆ ಜಾರುತ್ತದೆ, ಒರೆಸಿದರೆ ನೀರು ಹಿಡಿಯುವುದಿಲ್ಲ. ಮನೆಗೆ ಹೋಗಿ ಕಪಾಟು ಸೇರುತ್ತದೆ. ಮುಂದಿನ ಸಮಾರಂಭದಲ್ಲಿ ಇನ್ನೊಬ್ಬರ ಹೆಗಲಿಗೆ ಬೀಳುತ್ತದೆ. ನಿಮ್ಮ ಮನೆಯ ಕಪಾಟಿನಲ್ಲಿ ಇಂಥವು ಎಷ್ಟಿವೆ ಎಂದು ಇಂದು ರಾತ್ರಿ ಎಣಿಸಿ ನೋಡಿ.

ನಿಜಾಮರ ಆಡಳಿತದಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು ಎಂಬುದು ನಮಗೆಲ್ಲ ಗೊತ್ತು. ಅಲ್ಲಿ ಫಲಕ ಕಾಲದ ಒತ್ತಾಯ, ಒಳಗಿದ್ದದ್ದು ಸತ್ಯ. ಇಂದು ನಮ್ಮಲ್ಲಿ ತಿರುಗುಮುರುಗಾಗಿದೆ. ಹೊರಗಿನ ಫಲಕದಲ್ಲಿ ಕಾಯಕ, ಒಳಗೆ ಯಾರ ಕಾಯಕದ ಗುರುತೂ ಇಲ್ಲದ ಸರಕು. ನಮ್ಮನ್ನು ಒತ್ತಾಯಿಸಿದ ನಿಜಾಮನೂ ಇಲ್ಲ.

ಇನ್ನು ಬಣ್ಣದ ವಿಷಯಕ್ಕೆ ಬರುತ್ತೇನೆ. 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಎಂಬ ಹುಡುಗ ಮಲೇರಿಯಾಕ್ಕೆ ಔಷಧ ಮಾಡಲು ಹೋಗಿ ನೇರಳೆ ಬಣ್ಣ ಕಂಡುಹಿಡಿದ. ಆಗ ಅವನಿಗೆ 18 ವರ್ಷ. ಅದಕ್ಕಿಂತ ಮೊದಲು ಜಗತ್ತಿನ ಬಟ್ಟೆ ಬಹುಮಟ್ಟಿಗೆ ಗಿಡ, ಬೇರು, ತೊಗಟೆ, ಹೂವು, ಕೀಟ, ಖನಿಜಗಳಿಂದಲೇ ಬಣ್ಣ ಪಡೆಯುತ್ತಿತ್ತು. 1897ರಲ್ಲಿ ಜರ್ಮನಿಯ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂತು, ಭಾರತದ ನೀಲಿಗಿಡದ ವ್ಯಾಪಾರ ಕುಸಿಯಿತು. ನೀಲಿಗಿಡ ಅಂದಕೂಡಲೇ ಹಳೆಯದೆಲ್ಲ ಒಳ್ಳೆಯದು ಎಂದು ತಿಳಿಯಬೇಡಿ. ಚಂಪಾರಣದಲ್ಲಿ ಬಲವಂತವಾಗಿ ನೀಲಿ ಬೆಳೆಸಿದ್ದರ ವಿರುದ್ಧವೇ 1917ರಲ್ಲಿ ಗಾಂಧೀಜಿ ಹೋರಾಡಿದ್ದು. ಬಣ್ಣ ಗಿಡದಿಂದ ಬಂದರೂ ದುಡಿಮೆ ಗುಲಾಮಗಿರಿಯಾದರೆ ಅದು ಕಾಯಕವಲ್ಲ. ಈ ಮಾತನ್ನು ಮುಂದೆಯೂ ನೆನಪಿಡಬೇಕು.

ಸಹಜ ಬಣ್ಣ ಹೇಗೆ ಕೆಲಸ ಮಾಡುತ್ತದೆ? ಹತ್ತಿ ಬಟ್ಟೆಯನ್ನು ಬರೀ ಹೂವಿನ ಕಷಾಯದಲ್ಲಿ ಅದ್ದಿದರೆ ಎರಡು ಒಗೆತಕ್ಕೆ ಬಿಟ್ಟುಹೋಗುತ್ತದೆ. ಎಳೆಗೂ ಬಣ್ಣಕ್ಕೂ ನಡುವೆ ಕೈಹಿಡಿಯುವವರು ಬೇಕು. ಅಳಲೆಕಾಯಿಯ ಒಗರು ಮೊದಲು ಎಳೆಗೆ ಅಂಟುತ್ತದೆ. ಪಟಿಕದಲ್ಲಿರುವ ಅಲ್ಯೂಮಿನಿಯಂ ಆ ಒಗರನ್ನೂ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ಪಟಿಕದ ಬದಲು ಕಬ್ಬಿಣ ಹಾಕಿದರೆ ಅದೇ ಅಳಲೆಕಾಯಿ ಬೂದು, ಕಪ್ಪು ಬಣ್ಣ ಕೊಡುತ್ತದೆ. ತುಕ್ಕು ಹಿಡಿದ ಕಬ್ಬಿಣದ ಚೂರು ಮತ್ತು ಬೆಲ್ಲವನ್ನು ನೀರಿನಲ್ಲಿ ವಾರಗಟ್ಟಲೆ ಹುಳಿಸಿ ಕಪ್ಪು ಮಾಡುವುದು ನಮ್ಮ ದೇಶದ ಬಣ್ಣಗಾರರ ಹಳೆಯ ವಿದ್ಯೆ.

ಬೀದರಿನವರಿಗೆ ಇದು ಹೊಸದಲ್ಲ. ನಮ್ಮ ಬಿದರಿ ಕಲೆಯಲ್ಲಿ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯ ಹಳೆಯ ಮಣ್ಣು ಹಾಕಿ ಕುದಿಸಿದ ದ್ರಾವಣದಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಆ ಕಪ್ಪು ಮೇಲೆ ಬಳಿದ ಬಣ್ಣವಲ್ಲ, ಲೋಹಕ್ಕೂ ಮಣ್ಣಿನ ಲವಣಕ್ಕೂ ಆದ ಒಡನಾಟ. ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಇದೇ ವಿದ್ಯೆಗೆ. ಲೋಹದ ಬಣ್ಣವನ್ನು ಅಷ್ಟು ಬಲ್ಲ ಊರು ಬಟ್ಟೆಯ ಬಣ್ಣವನ್ನೂ ಕಲಿಯಬಲ್ಲದು.

ಬಣ್ಣಕ್ಕೆ ಕಚ್ಚಾ ಸಾಮಾನು ಎಲ್ಲಿದೆ? ದಾಸೋಹದ ಅಡುಗೆಮನೆಯಲ್ಲಿದೆ. ಚೀಲಗಟ್ಟಲೆ ಈರುಳ್ಳಿ ಸುಲಿಯುತ್ತೇವೆ, ಸಿಪ್ಪೆ ತಿಪ್ಪೆಗೆ ಹೋಗುತ್ತದೆ. ಆ ಒಣ ಸಿಪ್ಪೆಯಿಂದ ಹೊಂಬಣ್ಣ ಬರುತ್ತದೆ. ಸಮಾರಂಭ ಮುಗಿದ ಮೇಲೆ ಚೆಂಡುಹೂವಿನ ಹಾರಗಳು ಕಸದ ಗಾಡಿ ಹತ್ತುತ್ತವೆ. ಅದರಲ್ಲಿ ಹಳದಿ ಇದೆ. ದಾಳಿಂಬೆ ಸಿಪ್ಪೆಯಲ್ಲಿ ಬಣ್ಣವೂ ಇದೆ, ಒಗರೂ ಇದೆ. ನಮ್ಮ ಬಯಲುಸೀಮೆಯ ಮುತ್ತುಗದ ಹೂವು ಬೇಸಿಗೆಯ ಮೊದಲಿಗೆ ನೆಲಕ್ಕೆ ಬೀಳುತ್ತದೆ, ಅದರಲ್ಲೂ ಹಳದಿ ಇದೆ. ಅಳತೆ ಬೇಕೆನ್ನುವವರಿಗೆ ಹೇಳುತ್ತೇನೆ. ಒಂದು ಕಿಲೋ ಒಣ ಹತ್ತಿ ಬಟ್ಟೆಯನ್ನು ಮೊದಲು ಸೋಡಾ ಹಾಕಿ ಕುದಿಸಿ ಗಂಜಿ, ಜಿಡ್ಡು ತೆಗೆಯಬೇಕು. ಆಮೇಲೆ 150ರಿಂದ 200 ಗ್ರಾಂ ಅಳಲೆಕಾಯಿ ಪುಡಿಯ ನೀರು, ನಂತರ 100ರಿಂದ 150 ಗ್ರಾಂ ಪಟಿಕದ ನೀರು. ಕೊನೆಗೆ ಸುಮಾರು ಅರ್ಧ ಕಿಲೋ ಈರುಳ್ಳಿ ಸಿಪ್ಪೆಯ ಕಷಾಯದಲ್ಲಿ ಒಂದು ತಾಸು ಸಣ್ಣ ಉರಿ. ಇಷ್ಟೇ.

ಆದರೆ ಎಸ್ಟಿಮೇಟ್ ಮಾಡುವವನು ಖರ್ಚಿನ ಕಾಲಮ್ಮನ್ನೂ ತುಂಬಬೇಕು. ಸಹಜ ಬಣ್ಣಕ್ಕೆ ನೀರು ಹೆಚ್ಚು ಬೇಕು, ಉರುವಲು ಬೇಕು. ಒಂದು ಪಾತ್ರೆಯ ಬಣ್ಣ ಇನ್ನೊಂದು ಪಾತ್ರೆಗೆ ಸರಿಹೊಂದುವುದಿಲ್ಲ. ಅರಿಶಿನದಂಥವು ಬಿಸಿಲಿಗೆ ಬೇಗ ಮಾಸುತ್ತವೆ. ಸಹಜ ಬಣ್ಣದ ಹೆಸರಿನಲ್ಲಿ ಕ್ರೋಮಿಯಂ ಲವಣ ಬಳಸಿ ಆ ನೀರನ್ನು ಚರಂಡಿಗೆ ಬಿಟ್ಟರೆ ಅದು ಕಾರ್ಖಾನೆಯ ಬಣ್ಣಕ್ಕಿಂತ ಒಳ್ಳೆಯದೇನಲ್ಲ. ಪಟಿಕ, ಕಬ್ಬಿಣ ಇವೆರಡರಲ್ಲಿ ನಿಲ್ಲಬೇಕು. ಕಾರಂಜಾ ಜಲಾಶಯದ ನೀರನ್ನೇ ಕುಡಿಯುವ ನಾವು ನೀರಿನ ಲೆಕ್ಕವನ್ನು ಮರೆಯುವಂತಿಲ್ಲ. ಒಗೆದ ನೀರು ಮಠದ ತೋಟಕ್ಕೆ ಹೋಗುವಂತಿದ್ದರೆ ಮಾತ್ರ ಈ ಕೆಲಸ ಶುರುಮಾಡಬೇಕು.

ಈಗ ಹಳೆಯ ಬಟ್ಟೆ. ನಮ್ಮ ಕಡೆ ಕೌದಿ ಇಲ್ಲದ ಮನೆ ಇರಲಿಲ್ಲ. ಹಳೆಯ ಸೀರೆ, ಧೋತರ, ಮಕ್ಕಳ ಅಂಗಿ ಎಲ್ಲವನ್ನೂ ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಕೂರಿಸಿ, ಅಂಚಿನಿಂದ ಅಂಚಿಗೆ ಸಾಲು ಹೊಲಿಗೆ ಹಾಕುವುದು. ಕೆಲವು ಅಲೆಮಾರಿ ಸಮುದಾಯಗಳ ಹೆಣ್ಣುಮಕ್ಕಳು ಊರೂರು ತಿರುಗಿ ಹೊಲಿದುಕೊಡುತ್ತಿದ್ದರು. ನಾವು ಅದನ್ನು ಬಡತನದ ಗುರುತು ಎಂದು ಅಟ್ಟಕ್ಕೆ ಹಾಕಿದೆವು.

ಜಗತ್ತು ಬೇರೆ ರೀತಿ ನೋಡಿತು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳನ್ನು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅಧ್ಯಯನ ಮಾಡಿ ತಮ್ಮ ದೇಶದಲ್ಲಿ ಪ್ರದರ್ಶಿಸಿದರು. ಆ ಕೌದಿಯ ಮೂಲೆಗಳಲ್ಲಿ ‘ಫುಲ’ ಎಂಬ ಸಣ್ಣ ತ್ರಿಕೋನದ ಮಡಿಕೆ ಇರಬೇಕು. ಅದಿಲ್ಲದಿದ್ದರೆ ಕೌದಿ ಪೂರ್ತಿಯಾಗಲಿಲ್ಲ ಎನ್ನುತ್ತಾರೆ ಆ ತಾಯಂದಿರು. ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಹಳ್ಳಿಯಲ್ಲಿ ಗುಲಾಮರ ಸಂತತಿಯ ಕಪ್ಪು ಹೆಂಗಸರು ಹೊಲದ ಕೆಲಸದ ಹರಿದ ಬಟ್ಟೆಗಳಿಂದ ಹೊಲಿದ ಕೌದಿಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ಗೋಡೆ ಏರಿದವು. ಘಾನಾ ದೇಶದ ಎಲ್ ಅನಾಟ್ಸುಯಿ ಎಂಬ ಕಲಾವಿದ ಎಸೆದ ಬಾಟಲಿಗಳ ಮುಚ್ಚಳಗಳನ್ನು ತಂತಿಯಿಂದ ಹೆಣೆದು ಗೋಡೆ ತುಂಬುವ ಬಟ್ಟೆಯಂತೆ ಇಳಿಬಿಡುತ್ತಾನೆ. ಇದನ್ನು ಸಮಕಾಲೀನ ಕಲೆ ಎನ್ನುತ್ತಾರೆ. ನಮ್ಮ ಅಜ್ಜಿಯರು ಅದನ್ನು ಮನೆಗೆಲಸ ಎಂದರು. ಯಾವ ಹೆಸರಿಟ್ಟರೂ ಕೈ ಒಂದೇ, ಕಣ್ಣು ಒಂದೇ.

ನಾವು ಹಳೆಯ ಬಟ್ಟೆಯನ್ನು ದೂರ ಇಟ್ಟದ್ದಕ್ಕೆ ಬಡತನದ ನಾಚಿಕೆ ಒಂದೇ ಕಾರಣವಲ್ಲ. ಇನ್ನೊಂದು ಕಾರಣವನ್ನು ಈ ವೇದಿಕೆಯಲ್ಲಿ ಹೇಳದಿದ್ದರೆ ಬೇರೆಲ್ಲೂ ಹೇಳಲಾಗುವುದಿಲ್ಲ. ಅದು ಮೈಲಿಗೆ. ಬಾಣಂತಿಯ ಸೀರೆ, ಮುಟ್ಟಾದವಳ ಸೀರೆ, ತೀರಿಕೊಂಡವರ ಬಟ್ಟೆ, ‘ಬೇರೆ ಜನ’ ಉಟ್ಟ ಬಟ್ಟೆ. ಇವನ್ನು ಮುಟ್ಟಬಾರದು, ಕೂಡಿಸಿ ಹೊಲಿಯಬಾರದು ಎಂಬ ಭಾವನೆ ಇನ್ನೂ ನಮ್ಮ ಮನೆಗಳಲ್ಲಿದೆ. ಸತ್ತವರ ಬಟ್ಟೆಯನ್ನು ಊರಾಚೆ ಎಸೆಯುವುದು, ಹೊಳೆಗೆ ಬಿಡುವುದು ನಿಂತಿಲ್ಲ. ಶರಣರು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು ಅಲ್ಲಗಳೆದರು ಎಂದು ನಾವು ಪ್ರತಿ ಶಿಬಿರದಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಐದೂ ಸೂತಕಗಳು ಒಂದು ಹಳೆಯ ಬಟ್ಟೆಯ ಗಂಟಿನಲ್ಲಿ ಕೂತಿವೆ. ಗಂಟು ಬಿಚ್ಚಿ, ಕುದಿಸಿ ಒಗೆದು, ಹತ್ತು ಮನೆಯ ಬಟ್ಟೆ ಕೂಡಿಸಿ ಒಂದು ಕೌದಿ ಹೊಲಿದು, ಅದನ್ನು ನಮ್ಮ ಮೊಮ್ಮಗುವಿಗೆ ಹೊದಿಸಿದರೆ ಆ ಪಾಠ ಅರ್ಥವಾಯಿತು ಎಂದು ತಿಳಿಯಬಹುದು. ಸೋಂಕು ಬೇರೆ, ಸೂತಕ ಬೇರೆ. ಸೋಂಕು ಬಿಸಿನೀರಿಗೆ, ಸೋಪಿಗೆ, ಬಿಸಿಲಿಗೆ ಹೋಗುತ್ತದೆ. ಸೂತಕ ಮನಸ್ಸಿನಲ್ಲಿರುವುದು, ಅದಕ್ಕೆ ನಮ್ಮ ಒಪ್ಪಿಗೆ ಇರುವತನಕ ಅದು ಹೋಗುವುದಿಲ್ಲ.

ತೀರಿಕೊಂಡ ತಾಯಿಯ ನೂಲಿನ ಸೀರೆಗಳನ್ನು ಹೊಳೆಗೆ ಬಿಡಬೇಡಿ. ಅವು ವರ್ಷಗಟ್ಟಲೆ ಒಗೆದು ಮೆತ್ತಗಾದ ಬಟ್ಟೆ. ಕೌದಿಗೆ ಅದಕ್ಕಿಂತ ಒಳ್ಳೆಯ ಪದರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಇಲ್ಲಿಯವರೆಗೆ ಎಲ್ಲರೂ ತಲೆ ಅಲ್ಲಾಡಿಸಿದ್ದೀರಿ. ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಅದು ಕೂಲಿ.

ಒಂದು ದೊಡ್ಡ ಕೌದಿಗೆ ಒಬ್ಬ ಹೆಣ್ಣುಮಗಳ 15 ದಿನದ ಕೆಲಸ ಎಂದು ಇಟ್ಟುಕೊಳ್ಳಿ. ಉದ್ಯೋಗ ಖಾತ್ರಿಯಲ್ಲಿ ನಮ್ಮ ರಾಜ್ಯಕ್ಕೆ 2025-26ರಲ್ಲಿ ನಿಗದಿಯಾದ ದಿನಗೂಲಿ 370 ರೂಪಾಯಿ. ಮಣ್ಣು ಹೊರುವ ಕೂಲಿಯನ್ನೇ ಸೂಜಿಗೂ ಕೊಟ್ಟರೆ 5,550 ರೂಪಾಯಿ ಆಗುತ್ತದೆ. ಬಟ್ಟೆ ಪುಕ್ಕಟೆ ಬಂದರೂ ಇಷ್ಟು. ಸಂತೆಯಲ್ಲಿ ಯಂತ್ರದ ಹೊದಿಕೆ ಕೆಲವು ನೂರಕ್ಕೆ ಸಿಗುತ್ತದೆ. ಆಗ ನಾವು ಏನು ಹೇಳುತ್ತೇವೆ? ‘ಹಳೆ ಬಟ್ಟೆಗೆ ಇಷ್ಟು ರೊಕ್ಕ ಯಾಕೆ?’ ಎನ್ನುತ್ತೇವೆ. ಆ ಒಂದು ಮಾತಿನಲ್ಲಿ ಬಟ್ಟೆಗೆ ಬೆಲೆ ಇದೆ, ದುಡಿದ ಕೈಗೆ ಇಲ್ಲ. ಕಾಯಕದ ಧರ್ಮದವರ ಬಾಯಲ್ಲಿ ಬರಬಾರದ ಮಾತು ಅದು.

ಇದು ಬೀದರಿನ ಕಷ್ಟ ಮಾತ್ರವಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕು ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ‘ಚರಕ’ ಎಂಬ ಮಹಿಳಾ ಸಹಕಾರಿ ಸಂಘ ಇದೆ. ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ 1990ರ ದಶಕದಲ್ಲಿ ಹುಟ್ಟಿದ್ದು. ಹಳ್ಳಿಯ ಹೆಣ್ಣುಮಕ್ಕಳೇ ಬಣ್ಣ ಕಟ್ಟಿ, ನೇಯ್ದು, ಹೊಲಿಯುತ್ತಾರೆ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಚೊಗರಿನಿಂದ ಕೆಂಗಂದು ಬಣ್ಣ ತೆಗೆಯುತ್ತಾರೆ. ‘ದೇಸಿ’ ಅಂಗಡಿಗಳಲ್ಲಿ ಆ ಬಟ್ಟೆ ಮಾರಾಟವಾಗುತ್ತದೆ. ಕೈಉತ್ಪನ್ನಗಳ ಮೇಲೆ ಜಿಎಸ್‌ಟಿ ಬಂದಾಗ 2017ರಲ್ಲಿ ಪ್ರಸನ್ನ ಅವರು ಕರ ನಿರಾಕರಣೆಯ ಸತ್ಯಾಗ್ರಹವನ್ನೇ ಹೂಡಿದರು. ಅಷ್ಟು ಹೆಸರು ಮಾಡಿದ ಸಂಸ್ಥೆಯೂ 2020ರಲ್ಲಿ, ಕೋವಿಡ್ ಕಾಲಕ್ಕೆ, ಮಾರಾಟವಾಗದೆ ಉಳಿದ ಬಟ್ಟೆಯ ರಾಶಿಯ ಮುಂದೆ ತೀವ್ರ ಹಣಕಾಸಿನ ಸಂಕಟಕ್ಕೆ ಸಿಕ್ಕಿತು. ಬಣ್ಣ ಕಲಿಯುವುದು, ನೇಯ್ಗೆ ಕಲಿಸುವುದು ಕಷ್ಟವಲ್ಲ. ಕೊಳ್ಳುವವರು ನಿಲ್ಲದಿದ್ದರೆ ಮಗ್ಗ ನಿಲ್ಲುತ್ತದೆ.

ನಮ್ಮ ಕಂಬಳಿಯ ಕಥೆಯೂ ಅದೇ. ದಖನಿ ಕುರಿಯ ಉಣ್ಣೆ ಹುಟ್ಟಿನಿಂದಲೇ ಕಪ್ಪು, ಕಂದು. ಅದಕ್ಕೆ ಬಣ್ಣವೇ ಬೇಡ. ಗುಂಡಿಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿ ಕೊಟ್ಟರೆ ಮಳೆಗೂ ಚಳಿಗೂ ಕುರಿಗಾಹಿಗೆ ಅದೇ ಮನೆ. ಉಣ್ಣೆಗೆ ಬೆಲೆ ಬಿದ್ದ ಮೇಲೆ ಕುರಿಗಾರರು ಉಣ್ಣೆಯಿಲ್ಲದ, ಮಾಂಸದ ತಳಿಗಳ ಕಡೆ ಹೋಗುತ್ತಿದ್ದಾರೆ. ಕುರುಬರ ಮನೆಯ ಮಗ್ಗದ ಗುಂಡಿ ಮುಚ್ಚಿದರೆ ಮತ್ತೆ ತೋಡುವವರು ಸಿಗುವುದಿಲ್ಲ.

ಔರಾದ ಕಡೆಯ ತಾಂಡಾಗಳನ್ನೂ ನೆನೆಯಬೇಕು. ಲಂಬಾಣಿ ತಾಯಂದಿರ ಕಸೂತಿ ಎಂದರೆ ಕನ್ನಡಿ, ಕವಡೆ, ಬಟ್ಟೆಯ ಚೂರುಗಳ ಜೋಡಣೆ. ಸಂಡೂರಿನಲ್ಲಿ ಕುಶಲ ಕಲಾ ಕೇಂದ್ರ ಇದ್ದದ್ದರಿಂದ ಅಲ್ಲಿನ ಸುಮಾರು 450 ಹೆಣ್ಣುಮಕ್ಕಳ 1,755 ಕಸೂತಿ ವಸ್ತುಗಳು 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಸಮಯದಲ್ಲಿ ಪ್ರದರ್ಶನಗೊಂಡು ಗಿನ್ನೆಸ್ ದಾಖಲೆಯಾದವು. ಔರಾದಿನ ತಾಂಡಾದಲ್ಲೂ ಅದೇ ಸೂಜಿ, ಅದೇ ಕಣ್ಣು ಇದೆ. ಇಲ್ಲದ್ದು ಒಂದು ಕೇಂದ್ರ, ಕಾಯಂ ಕೊಳ್ಳುವ ಒಂದು ಕೈ.

ಆ ಕೈ ನಾವಾಗಬಹುದು ಎನ್ನುವುದು ನನ್ನ ಸೂಚನೆ. ಮಠಗಳಿಗೆ, ಬಸವ ಸಂಘಟನೆಗಳಿಗೆ ಇರುವ ಶಕ್ತಿ ಅಂಗಡಿಗಳಿಗೆ ಇಲ್ಲ. ಎಷ್ಟು ಸಮಾರಂಭ, ಎಷ್ಟು ಸನ್ಮಾನ ಎಂದು ವರ್ಷಕ್ಕೆ ಮುಂಚೆಯೇ ನಮಗೆ ಗೊತ್ತು. ವ್ಯಾಪಾರದ ಭಾಷೆಯಲ್ಲಿ ಇದಕ್ಕೆ ಖಾತ್ರಿ ಬೇಡಿಕೆ ಎನ್ನುತ್ತಾರೆ. ಒಂದು ಲೆಕ್ಕ ಮಾಡೋಣ. ಒಂದು ಸಂಘಟನೆ ವರ್ಷಕ್ಕೆ ಹತ್ತು ಸಮಾರಂಭ, ಪ್ರತಿಯೊಂದರಲ್ಲೂ 20 ಶಾಲು, ಒಂದಕ್ಕೆ 150 ರೂಪಾಯಿ ಎಂದಿಟ್ಟುಕೊಳ್ಳಿ. 30,000 ರೂಪಾಯಿ. ಅದೇ ಹಣದಲ್ಲಿ ಐದು ಕೌದಿಗೆ ಪೂರ್ತಿ ಕೂಲಿ ಕೊಡಬಹುದು. ಅಂದರೆ ಒಬ್ಬ ತಾಯಿಗೆ 75 ದಿನದ ಅನ್ನ. ಎಲ್ಲರಿಗೂ ಏನಾದರೂ ಕೊಡಲೇಬೇಕು ಎಂದರೆ ಹಳೆಯ ಹತ್ತಿ ಬಟ್ಟೆಯಿಂದ, ಕೌದಿ ಹೊಲಿಗೆಯಲ್ಲಿ, ವಚನ ಪುಸ್ತಕ ಹಿಡಿಯುವ ಒಂದು ಚೀಲ ಮಾಡಿಸಿ. ಅರ್ಧ ದಿನದ ಕೆಲಸ ಎಂದರೂ ಕೂಲಿ 185, ದಾರ ಮತ್ತು ಬಣ್ಣಕ್ಕೆ 15. ಒಟ್ಟು 200. ಶಾಲಿಗಿಂತ 50 ರೂಪಾಯಿ ಹೆಚ್ಚು. ಸನ್ಮಾನಿತರ ಸಂಖ್ಯೆಯನ್ನು 20ರಿಂದ 15ಕ್ಕೆ ಇಳಿಸಿದರೆ ಖರ್ಚು ಸರಿಸಮ. ಸಭೆಯೂ ಬೇಗ ಮುಗಿಯುತ್ತದೆ, ಕೇಳುವವರಿಗೂ ಉಪಕಾರ.

ಆದ್ದರಿಂದ ನಾಲ್ಕು ಕೆಲಸ ಮುಂದಿಡುತ್ತೇನೆ. ಒಂದು, ಮುಂದಿನ ಬಸವ ಜಯಂತಿಯಿಂದ ನಮ್ಮ ವೇದಿಕೆಗಳಲ್ಲಿ ಪಾಲಿಯೆಸ್ಟರ್ ಶಾಲು ಬೇಡ, ಫ್ಲೆಕ್ಸ್ ಬದಲು ಪ್ರತಿವರ್ಷ ಬಳಸಬಹುದಾದ ಬಟ್ಟೆಯ ಫಲಕ ಇರಲಿ. ಎರಡು, ಬೀದರ, ಭಾಲ್ಕಿ, ಔರಾದಿನಲ್ಲಿ ಒಂದೊಂದು ಕಡೆ ಹಳೆಯ ನೂಲಿನ ಬಟ್ಟೆ ಸಂಗ್ರಹಿಸೋಣ. ಒಗೆದು, ಇಸ್ತ್ರಿ ಮಾಡಿ ಕೊಡಿ, ಕೊಳೆ ಬಟ್ಟೆ ಕೊಡುವುದು ದಾಸೋಹವಲ್ಲ. ಮೂರು, ದಾಸೋಹದ ಮನೆಯಲ್ಲಿ ಈರುಳ್ಳಿ ಸಿಪ್ಪೆಗೆ, ಹಾರದ ಹೂವಿಗೆ ಎರಡು ಬೇರೆ ಚೀಲ ಇಡಿ. ನಾಲ್ಕು, ಹೊಲಿಯುವವರಿಗೆ ದಿನದ ಕೂಲಿಯ ಲೆಕ್ಕದಲ್ಲಿ, ಕೆಲಸ ಒಪ್ಪಿಸಿದ ದಿನವೇ ಹಣ ಕೊಡಬೇಕು. ‘ಸೇವೆ’ ಎಂಬ ಹೆಸರಿನಲ್ಲಿ ಪುಕ್ಕಟೆ ದುಡಿಸಿಕೊಳ್ಳುವುದು ಬೇಡ. ಹೊಲಿಯುವವಳು ಯಾವ ಜಾತಿ, ಯಾವ ಧರ್ಮ ಎಂದು ಕೇಳುವ ಕಾಲಮ್ಮು ಆ ರಿಜಿಸ್ಟರಿನಲ್ಲಿ ಇರಬಾರದು. ಅವಳ ಹೆಸರು ಮಾತ್ರ ಚೀಲದ ಒಳಗೆ ಒಂದು ಪಟ್ಟಿಯಲ್ಲಿ ಇರಲಿ. ರೆಮ್ಮವ್ವೆಯ ಕಾಯಕ ಅವಳ ಹೆಸರಿನೊಂದಿಗೆ ಎಂಟು ಶತಮಾನ ದಾಟಿ ಬಂದಿದೆ. ಔರಾದಿನ ತಾಯಿಯ ಹೆಸರು ಒಂದು ಚೀಲದಷ್ಟಾದರೂ ದೂರ ಹೋಗಲಿ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ಮಾಡಿದರು. ಒಂದು ದಿನ ಮಾರಯ್ಯ ಹೆಚ್ಚು ತಂದಾಗ ಲಕ್ಕಮ್ಮ ಒಪ್ಪದೆ ಹಿಂದಕ್ಕೆ ಕಳಿಸಿದಳು ಎಂಬ ಕಥೆ ಇದೆ. ಬಿದ್ದದ್ದನ್ನು ಎತ್ತಿಕೊಳ್ಳಲು ಅವರಿಗೆ ನಾಚಿಕೆಯಾಗಲಿಲ್ಲ, ಬೇಡದ್ದನ್ನು ಇಟ್ಟುಕೊಳ್ಳಲು ನಾಚಿಕೆಯಾಯಿತು. ಬಟ್ಟೆಯ ವಿಷಯದಲ್ಲಿ ನಮ್ಮ ನಾಚಿಕೆ ಯಾವ ಕಡೆ ಇರಬೇಕು ಎಂಬುದನ್ನು ಪೂಜ್ಯರೂ ತಾವೂ ಯೋಚಿಸಬೇಕು. ಈ ನಾಲ್ಕು ಸೂಚನೆಗಳ ಬಗ್ಗೆ ಈಗಲೇ ಚರ್ಚೆಯಾಗಲಿ. ಒಪ್ಪದವರು ಮೊದಲು ಮಾತಾಡಲಿ, ಅನುಭವ ಮಂಟಪದ ಪದ್ಧತಿ ಅದೇ ಅಲ್ಲವೇ.